ಅಂತರ್ಗತ ಇಂಗಾಲ: ಹಳೆಯ ಗೋಡೆಯ ಲೆಕ್ಕ

ಕಲ್ಲು ಸೀಳಿ, ಇಟ್ಟಿಗೆ ಸುಟ್ಟು, ಸಿಮೆಂಟು, ಕಬ್ಬಿಣ ತಯಾರಿಸಿ, ಎಲ್ಲವನ್ನೂ ಲಾರಿಯಲ್ಲಿ ಹೊತ್ತು ತಂದು ಕಟ್ಟಡ ಎಬ್ಬಿಸುವಷ್ಟರಲ್ಲಿ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನ ಲೆಕ್ಕವೇ ಅಂತರ್ಗತ ಇಂಗಾಲ. ಆಮೇಲೆ ಉರಿಯುವ ದೀಪ, ಓಡುವ ಎಸಿ, ಲಿಫ್ಟುಗಳದ್ದು ಬೇರೆ ಲೆಕ್ಕ. ಅದನ್ನು ಸೋಲಾರ್ ಹಾಕಿ ಇಳಿಸಬಹುದು. ಮೊದಲಿನದು ಮಾತ್ರ ಗೃಹಪ್ರವೇಶಕ್ಕೆ ಮುಂಚೆಯೇ ಖರ್ಚಾಗಿ ಹೋಗಿರುತ್ತದೆ.

ಇದರಲ್ಲಿ ಸಿಮೆಂಟಿನ ಪಾಲು ದೊಡ್ಡದು. ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವಾಗ ಇಂಧನದ ಹೊಗೆಯ ಜೊತೆಗೆ ಆ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮನುಷ್ಯರಿಂದಾಗಿ ಗಾಳಿ ಸೇರುವ ಈ ಅನಿಲದಲ್ಲಿ ಶೇ 7–8ರಷ್ಟು ಸಿಮೆಂಟಿನದೇ.

ಪಾರಂಪರಿಕ ಕಟ್ಟಡ ಎಂದರೆ ನಮಗೆ ನೆನಪಾಗುವುದು ಚಂದ, ಇತಿಹಾಸ, ಹೆಚ್ಚೆಂದರೆ ಪ್ರವಾಸೋದ್ಯಮ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ, ನಗರಗಳಿಗೆ ಸಂಬಂಧಿಸಿದ 11ನೆಯದರಡಿ, ಪರಂಪರೆಯ ರಕ್ಷಣೆಗೂ ಜಾಗವಿದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ಹುಬ್ಬೇರಿಸುವವರು ಬೆಂಗಳೂರಿನ ಅಠಾರಾ ಕಚೇರಿಯನ್ನು ನೋಡಬೇಕು. 1868ರ ಈ ಕೆಂಪು ಕಟ್ಟಡವನ್ನು ಕೆಡವುವ ಮಾತು 1980ರ ದಶಕದಲ್ಲಿ ಎದ್ದಿತ್ತು. ನಾಗರಿಕರು ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು, ಹೆಚ್ಚಿನ ಜಾಗಕ್ಕೆ ಹಿಂಬದಿಯಲ್ಲಿ ಹೊಸ ಭಾಗ ಬಂತು. ಹೈಕೋರ್ಟ್ ಇಂದಿಗೂ ಅಲ್ಲೇ ನಡೆಯುತ್ತಿದೆ. ಇದ್ದುದನ್ನು ಒಡೆದು, ರಾಶಿ ರಾಶಿ ಅವಶೇಷ ಸಾಗಿಸಿ, ಅಷ್ಟೇ ಜಾಗವನ್ನು ಕಾಂಕ್ರೀಟಿನಲ್ಲಿ ಎಬ್ಬಿಸಿದ್ದರೆ ಎಷ್ಟು ಇಂಗಾಲ? ಒಳ್ಳೆಯ ಕಟ್ಟಡವನ್ನು ಕೆಡವಿ, ಅಲ್ಲೇ ‘ಹಸಿರು ಕಟ್ಟಡ’ದ ಬೋರ್ಡು ನೆಡುವವರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಉಳಿಸುವುದಕ್ಕೂ ಒಂದು ಕ್ರಮವಿದೆ. ಹಳೆಯ ಗೋಡೆಗಳದ್ದು ಸುಣ್ಣದ ಗಾರೆ: ಸುಣ್ಣ, ಮರಳು, ಇಟ್ಟಿಗೆ ಪುಡಿ, ಕೆಲವೆಡೆ ಬೆಲ್ಲ, ಅಳಲೆಕಾಯಿಯ ನೀರು. ಸುಣ್ಣ ಸುಡಲು ಸುಮಾರು 900 ಡಿಗ್ರಿ ಸಾಕು. ಗಟ್ಟಿಯಾಗುವಾಗ ಅದು ಗಾಳಿಯಿಂದ ಒಂದಿಷ್ಟು ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಳ್ಳುತ್ತದೆ. ಇಂಥ ಗೋಡೆ ಮಳೆಗಾಲದಲ್ಲಿ ಕುಡಿದ ತೇವವನ್ನು ಬಿಸಿಲಿಗೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಕಟ್ಟಿ, ಕೆಲವೇ ವರ್ಷಗಳಲ್ಲಿ ಗಿಲಾವು ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಉದುರುತ್ತದೆ. ಆಗ ಮತ್ತೆ ಸಿಮೆಂಟು, ಮತ್ತೆ ಖರ್ಚು, ಕೊನೆಗೆ ‘ಶಿಥಿಲ’ ಎಂಬ ವರದಿ.

ಹಾಗೆಂದು ಹಳೆಯದೆಲ್ಲ ಉಳಿಯಲೇಬೇಕೆಂದಲ್ಲ. ಅಡಿಪಾಯವೇ ಕುಸಿದಿದ್ದರೆ ಜೀವ ಮುಖ್ಯ. ಆದರೆ ಆ ತೀರ್ಮಾನವನ್ನು ಗಾರೆ ಬಲ್ಲ ಎಂಜಿನಿಯರು, ಮೇಸ್ತ್ರಿ ಗೋಡೆ ತಟ್ಟಿ ನೋಡಿ ಹೇಳಲಿ. ಆ ನಿವೇಶನದ ಮೇಲೆ ಕಣ್ಣಿಟ್ಟವರಲ್ಲ.