ಡಾಕ್ಟರ ಹತ್ತಿರ ಹೋಗುವಾಗ ಸಿಪ್ಯಾಪ್ ಯಂತ್ರವೂ ಜೊತೆಗಿರಲಿ

"ಯಂತ್ರ ಹಾಕಿಕೊಂಡೇ ಮಲಗ್ತಿದ್ದೀರಾ?" ಎಂದು ಡಾಕ್ಟರು ಕೇಳುತ್ತಾರೆ. "ಹೂಂ ಡಾಕ್ಟ್ರೇ, ದಿನಾ ಹಾಕ್ಕೊಳ್ತೀನಿ." "ಏನಾದರೂ ತೊಂದರೆ?" "ಅಂಥದ್ದೇನಿಲ್ಲ, ಸ್ವಲ್ಪ ಗಾಳಿ ಸೋರುತ್ತೆ ಅನ್ಸುತ್ತೆ." ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ ಇದ್ದು, ರಾತ್ರಿ ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರ ಬಳಸುವವರ ಎಷ್ಟೋ ಭೇಟಿಗಳು ಇಷ್ಟಕ್ಕೇ ಮುಗಿದುಹೋಗುತ್ತವೆ. ಇದರಲ್ಲಿ ಡಾಕ್ಟರದ್ದೂ ತಪ್ಪಿಲ್ಲ, ರೋಗಿಯದ್ದೂ ತಪ್ಪಿಲ್ಲ. ಹೇಳಬೇಕಾದದ್ದೆಲ್ಲ ನಡೆದಿರುವುದು ರೋಗಿ ನಿದ್ದೆಯಲ್ಲಿದ್ದಾಗ. ಹೊಟ್ಟೆನೋವಾದರೆ ಎಲ್ಲಿ, ಯಾವಾಗ, ಎಷ್ಟು ಹೊತ್ತು ಅಂತ ನಾವೇ ಹೇಳಬಹುದು. ರಾತ್ರಿ ಎರಡು ಗಂಟೆಗೆ ಉಸಿರು ನಿಂತಿತ್ತಾ ಅಂತ ಕೇಳಿದರೆ ಏನು ಹೇಳುವುದು? ಪಕ್ಕದಲ್ಲಿ ಮಲಗಿದವರು ಒಂದಿಷ್ಟು ಹೇಳಬಹುದು, ಆದರೆ ಅವರೂ ನಿದ್ದೆ ಮಾಡುವವರೇ ಅಲ್ವಾ. ಇಡೀ ರಾತ್ರಿ ಎಚ್ಚರವಾಗಿದ್ದದ್ದು ಆ ಯಂತ್ರ ಒಂದೇ. ಅದನ್ನೇ ಮನೆಯಲ್ಲಿ ಬಿಟ್ಟು ಬರುತ್ತೇವೆ.

ಸ್ಲೀಪ್ ಆಪ್ನಿಯಾದಲ್ಲಿ ಆಗುವುದು ಇಷ್ಟು. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಅವು ಎಷ್ಟು ಸಡಿಲವಾಗುತ್ತವೆ ಅಂದರೆ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಉಸಿರಿಗಾಗಿ ಎಳೆದಾಡುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಆಗ ಮಿದುಳು ಒಂದು ಕ್ಷಣ ಎಚ್ಚರಗೊಂಡು ಗಂಟಲನ್ನು ಬಿಗಿ ಮಾಡುತ್ತದೆ, ಉಸಿರು ಮತ್ತೆ ಶುರುವಾಗುತ್ತದೆ. ಬೆಳಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ತೀರಾ ಕಡಿಮೆಯಾದರೆ ಅದು ಹೈಪೋಪ್ನಿಯಾ. ಎರಡೂ ಸೇರಿ ಗಂಟೆಗೆ ಎಷ್ಟು ಸಲ ಆಗುತ್ತವೆ ಅನ್ನುವ ಲೆಕ್ಕವೇ ಎಎಚ್‌ಐ. 5ರಿಂದ 15ರವರೆಗೆ ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಇದಕ್ಕೆ ಮೊದಲು ಇದ್ದ ಮುಖ್ಯ ಚಿಕಿತ್ಸೆ ಎಂದರೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ಬೇರೆ ದಾರಿ ಕೊಡುವುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವಾನ್ ಎಂಬ ವೈದ್ಯರು 1980ರಲ್ಲಿ ಬೇರೆಯೇ ದಾರಿ ಹಿಡಿದರು. ಮೂಗಿನ ಮೂಲಕ ಸ್ವಲ್ಪ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಂಡರು. ಅವರು ಮತ್ತು ಸಂಗಡಿಗರು 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಐದು ರೋಗಿಗಳ ವರದಿ ಪ್ರಕಟಿಸಿದರು. ಇಂದಿನ ಸಿಪ್ಯಾಪ್ ಯಂತ್ರಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಇದರಲ್ಲಿ ಬಳಸುವ ಒತ್ತಡ ಬಹಳ ಕಡಿಮೆ. 4ರಿಂದ 20 ಸೆಂಟಿಮೀಟರ್ ನೀರಿನ ಕಂಬದಷ್ಟು ಅಷ್ಟೇ. 10 ಸೆಂಟಿಮೀಟರ್ ಎಂದರೆ ನಮ್ಮ ಸುತ್ತ ಇರುವ ವಾಯುಭಾರದ ನೂರರಲ್ಲಿ ಒಂದು ಪಾಲು. ಅಷ್ಟು ಸಣ್ಣ ಒತ್ತಡವೇ ಗಂಟಲನ್ನು ತೆರೆದಿಡಲು ಸಾಕಾಗುತ್ತದೆ, ಆದರೆ ಅದು ಸೋರಿ ಹೋಗದೆ ಗಂಟಲಿನವರೆಗೆ ತಲುಪಬೇಕು. ಶುರುವಿನ ದಿನಗಳಲ್ಲಿ ಪ್ರತಿ ರೋಗಿಯ ಮೂಗಿನ ಅಚ್ಚು ತೆಗೆದು ಮಾಸ್ಕ್ ಮಾಡಿ, ಅದನ್ನು ರಾತ್ರಿ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಅಂಟಿಸುತ್ತಿದ್ದರಂತೆ. ಅಂದರೆ ಮೊದಲಿನಿಂದಲೂ ಕಷ್ಟ ಕೊಟ್ಟದ್ದು ಮಾಸ್ಕೇ.

ಈಗಲೂ ಹಾಗೇ. ಆದ್ದರಿಂದ ಮಾಸ್ಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಸಿಲಿಕೋನ್ ಮಾಸ್ಕಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಹೊರಗೆ ಗಟ್ಟಿಯಾದ ಗೋಡೆ, ಒಳಗೆ ಮಡಚಿಕೊಂಡ ತೆಳ್ಳನೆಯ ಪೊರೆ. ಯಂತ್ರ ಗಾಳಿ ಊದಿದಾಗ ಆ ಪೊರೆ ಉಬ್ಬಿ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಸೋರಿಕೆ ತಡೆಯುವುದು ಅದು, ತಲೆಗೆ ಕಟ್ಟುವ ಪಟ್ಟಿಯ ಬಿಗಿ ಅಲ್ಲ. ಇದು ಗೊತ್ತಿಲ್ಲದೆ ಗಾಳಿ ಸೋರಿದ ಕೂಡಲೇ ನಾವು ಪಟ್ಟಿ ಎಳೆದು ಬಿಗಿ ಮಾಡುತ್ತೇವೆ. ಆಗ ಪೊರೆ ಅಪ್ಪಚ್ಚಿಯಾಗಿ ಸುಕ್ಕುಗಟ್ಟುತ್ತದೆ. ಸುಕ್ಕಿನ ಸಂದಿಯಲ್ಲಿ ಗಾಳಿ ಇನ್ನೂ ಜಾಸ್ತಿ ಸೋರುತ್ತದೆ. ಮತ್ತೆ ಬಿಗಿ ಮಾಡುತ್ತೇವೆ. ಕೊನೆಗೆ ಮೂಗಿನ ಮೇಲೆ ಗಾಯ, ಕಣ್ಣಿಗೆ ಗಾಳಿ, ಮಧ್ಯರಾತ್ರಿ ಮಾಸ್ಕ್ ಕಿತ್ತು ಪಕ್ಕಕ್ಕೆ ಎಸೆಯುವುದು. ಬಾಯಲ್ಲಿ ಎಷ್ಟು ವಿವರಿಸಿದರೂ ಇದು ಡಾಕ್ಟರಿಗೆ ಅರ್ಥವಾಗುವುದು ಕಷ್ಟ. ಮಾಸ್ಕ್ ಹಾಕಿ ತೋರಿಸಿದರೆ ಒಂದು ನಿಮಿಷ ಸಾಕು.

ಮಾಸ್ಕ್ ಒಂದನ್ನೇ ತಂದರೂ ಅರ್ಧ ಕೆಲಸ ಮಾತ್ರ ಆದೀತು. ಗಾಳಿ ಇಲ್ಲದಿದ್ದರೆ ಪೊರೆ ಉಬ್ಬುವುದಿಲ್ಲ. ಕುರ್ಚಿಯಲ್ಲಿ ಕೂತಾಗ ಸರಿಯಾಗಿ ಕೂರುವ ಮಾಸ್ಕ್ ಮಲಗಿದಾಗ ಜಾರುತ್ತದೆ. ಮಲಗಿದರೆ ಕೆನ್ನೆಯ ಆಕಾರ ಬದಲಾಗುತ್ತದೆ, ದವಡೆ ಸಡಿಲವಾಗುತ್ತದೆ, ಮಗ್ಗುಲಾದರೆ ದಿಂಬು ಒಂದು ಕಡೆಯಿಂದ ಒತ್ತುತ್ತದೆ. ಹಾಗಾಗಿ ಪರೀಕ್ಷೆ ಮಾಡುವ ಮಂಚದ ಮೇಲೆ ಮಲಗಿ, ನಿಮ್ಮದೇ ಯಂತ್ರ ಆನ್ ಮಾಡಿ, ನಿಮಗೆ ಹೇಳಿರುವ ಪ್ರೆಶರ್‌ನಲ್ಲೇ ತೋರಿಸಿ. ಕೇಳಲು ಸಂಕೋಚ ಆಗುತ್ತದೆ, ನಿಜ. ಆದರೂ ಕೇಳಿ. ಇನ್ನೊಂದು ವಿಷಯ. ಎಲ್ಲಿಗಾದರೂ ಹೋಗುವಾಗ ಚೆನ್ನಾಗಿರುವುದನ್ನೇ ತೆಗೆದುಕೊಂಡು ಹೋಗುವ ಅಭ್ಯಾಸ ನಮ್ಮದು. ಇಲ್ಲಿ ಅದು ಬೇಡ. ಒರೆಸಿ ಶುಚಿ ಮಾಡಿ, ಆದರೆ ದಿನಾ ಹಾಕುವ ಹಳೇ ಕುಶನ್ನನ್ನೇ, ಅಂದರೆ ಮಾಸ್ಕಿನಲ್ಲಿ ಮುಖಕ್ಕೆ ತಾಗುವ ಸಿಲಿಕೋನ್ ಭಾಗವನ್ನೇ ತನ್ನಿ. ಮುಖದ ಎಣ್ಣೆಗೆ ಅದರ ಅಂಚು ಗಡುಸಾಗಿದೆಯಾ, ಹರಿದಿದೆಯಾ, ಪಟ್ಟಿಯ ಹಿಗ್ಗು ಹೋಗಿದೆಯಾ ಅನ್ನುವುದು ಹೊಸದರಲ್ಲಿ ಕಾಣುವುದಿಲ್ಲ.

ಇನ್ನು ಯಂತ್ರದ ಒಳಗಿನ ದಾಖಲೆ. ಎಷ್ಟು ಗಂಟೆ ಓಡಿತು, ಪ್ರೆಶರ್ ಎಷ್ಟಿತ್ತು, ಎಷ್ಟು ಸೋರಿತು, ಉಸಿರು ಎಷ್ಟು ಸಲ ನಿಂತಿತು, ಇವೆಲ್ಲ ಈಗಿನ ಯಂತ್ರಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ಮೆಮೊರಿ ಕಾರ್ಡ್ ಹಾಕುವ ಯಂತ್ರವಾದರೆ ಒಂದೊಂದು ಉಸಿರಿನ ಗೆರೆಯೂ ಅದರಲ್ಲಿರುತ್ತದೆ. ಉಸಿರೆಳೆದಾಗ ಗೆರೆ ದುಂಡಗೆ ಮೇಲೇರಿ ಇಳಿದರೆ ದಾರಿ ತೆರೆದಿದೆ ಎಂದರ್ಥ. ಮೇಲ್ಭಾಗ ಚಪ್ಪಟೆಯಾಗಿದ್ದರೆ ಗಂಟಲು ಕಿರಿದಾಗಿದೆ, ಪೂರ್ತಿ ಮುಚ್ಚದಿದ್ದರೂ ಗಾಳಿ ಕಷ್ಟಪಟ್ಟು ನುಗ್ಗುತ್ತಿದೆ. ಪಳಗಿದ ಕಣ್ಣಿಗೆ ಈ ಗೆರೆಗಳು ಬಹಳ ಹೇಳುತ್ತವೆ.

ಉಸಿರು ನಿಂತಾಗ ಕೆಲವು ಯಂತ್ರಗಳು ಮಾಡುವ ಕೆಲಸ ನನಗೆ ತುಂಬ ಇಷ್ಟ. ಗಾಳಿಯ ಓಟ ನಿಂತದ್ದು ಗೊತ್ತಾದ ಮೇಲೆ ಅವು ಸೆಕೆಂಡಿಗೆ ನಾಲ್ಕು ಸಲದಂತೆ ಪುಟ್ಟ ಪುಟ್ಟ ಒತ್ತಡದ ಅಲೆಗಳನ್ನು ಕಳಿಸುತ್ತವೆ. ಗಂಟಲು ಮುಚ್ಚಿದ್ದರೆ ಅಲೆ ಒಳಗೆ ಹೋಗಲು ಜಾಗವಿಲ್ಲ. ತೆರೆದಿದ್ದರೆ ಗಾಳಿ ಒಂಚೂರು ಒಳಗೆ ಹೊರಗೆ ಆಡುತ್ತದೆ. ಹೀಗೆ ಕತ್ತಲಲ್ಲಿ, ಮಲಗಿದವರಿಗೆ ಗೊತ್ತೇ ಆಗದಂತೆ, ದಾರಿ ಮುಚ್ಚಿ ಉಸಿರು ನಿಂತಿತಾ ಅಥವಾ ದಾರಿ ತೆರೆದಿದ್ದರೂ ಮಿದುಳೇ ಉಸಿರಾಡು ಎಂದು ಹೇಳಲಿಲ್ಲವಾ ಅಂತ ಯಂತ್ರ ಅಂದಾಜು ಮಾಡುತ್ತದೆ. ಎರಡನೆಯದಕ್ಕೆ ಸೆಂಟ್ರಲ್ ಆಪ್ನಿಯಾ ಎನ್ನುತ್ತಾರೆ. ಅದಕ್ಕೆ ಸುಮ್ನೆ ಪ್ರೆಶರ್ ಏರಿಸುತ್ತ ಹೋದರೆ ಉಪಯೋಗವಿಲ್ಲ, ಕೆಲವರಲ್ಲಿ ಜಾಸ್ತಿಯೂ ಆಗಬಹುದು. "ಇನ್ನೂ ಸುಸ್ತು ಹೋಗಿಲ್ಲ" ಎಂಬ ಒಂದೇ ದೂರಿನ ಹಿಂದೆ ಇವೆರಡರಲ್ಲಿ ಯಾವುದಿದೆ ಎಂದು ಹುಡುಕಲು ಡಾಕ್ಟರಿಗೆ ಈ ದಾಖಲೆ ಬೇಕೇ ಬೇಕು.

ಆದರೆ ಯಂತ್ರ ಹೇಳಿದ್ದೆಲ್ಲ ನಿಜ ಅಂದುಕೊಳ್ಳಬಾರದು. ಅದಕ್ಕೆ ನೀವು ನಿದ್ದೆ ಮಾಡುತ್ತಿದ್ದೀರಾ ಎಚ್ಚರವಿದ್ದೀರಾ ಗೊತ್ತಾಗುವುದಿಲ್ಲ. ಸ್ಲೀಪ್ ಸ್ಟಡಿಯಲ್ಲಿ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡುತ್ತಾರೆ, ಮನೆಯ ಯಂತ್ರದಲ್ಲಿ ಅದಿಲ್ಲ. ನಿದ್ದೆ ಬರದೆ ಹೊರಳಾಡುತ್ತ ಒಂದು ಕ್ಷಣ ಉಸಿರು ಬಿಗಿಹಿಡಿದರೂ ಅದು ಆಪ್ನಿಯಾ ಎಂದು ಎಣಿಸಬಹುದು. ಮಾಮೂಲಿ ಯಂತ್ರ ರಕ್ತದ ಆಮ್ಲಜನಕವನ್ನು ಅಳೆಯುವುದೂ ಇಲ್ಲ. ಸೋರಿಕೆ ತುಂಬ ಇದ್ದರೆ ಗಾಳಿಯ ಓಟವನ್ನೇ ಸರಿಯಾಗಿ ಅಳೆಯಲಾಗದೆ ಎಎಚ್‌ಐ ಲೆಕ್ಕ ತಪ್ಪುತ್ತದೆ. ಹಾಗಾಗಿ ಪರದೆಯಲ್ಲಿ ಎಎಚ್‌ಐ 2 ಎಂದು ಬಂತು ಅಂತ ಖುಷಿಪಡುವ ಮೊದಲು ಆ ರಾತ್ರಿಯ ಸೋರಿಕೆ ಎಷ್ಟು ಎಂದು ನೋಡಬೇಕು. ಸೋರಿಕೆಯ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಬಿಟ್ಟ ಉಸಿರು ಹೊರಗೆ ಹೋಗಲೆಂದೇ ಮಾಸ್ಕಿನಲ್ಲಿ ಸಣ್ಣ ತೂತುಗಳಿರುತ್ತವೆ. ಅಲ್ಲಿಂದ ಹೋಗುವ ಗಾಳಿಯನ್ನು ಕಳೆದು ಉಳಿದದ್ದನ್ನು ಸೋರಿಕೆ ಎಂದು ತೋರಿಸುವ ಯಂತ್ರಗಳಿವೆ. ಆ ತೂತು ಒಂದೊಂದು ಬಗೆಯ ಮಾಸ್ಕಿನಲ್ಲಿ ಒಂದೊಂದು ಅಳತೆ. ಮೂಗಿನ ಮಾಸ್ಕ್ ಬಿಟ್ಟು ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕ್‌ಗೆ ಬದಲಾಯಿಸಿದ್ದೀರಿ, ಯಂತ್ರದ ಸೆಟ್ಟಿಂಗ್‌ನಲ್ಲಿ ಮಾತ್ರ ಹಳೆಯದೇ ಇದೆ ಅಂದರೆ ಲೆಕ್ಕ ಕೆಡುತ್ತದೆ. ಮಾಸ್ಕ್ ಮತ್ತು ಯಂತ್ರ ಒಟ್ಟಿಗೆ ಮೇಜಿನ ಮೇಲಿದ್ದಾಗ ಇಂಥ ಎಡವಟ್ಟು ಬೇಗ ಸಿಕ್ಕಿಬೀಳುತ್ತದೆ.

"ನನ್ನ ಯಂತ್ರ ಮೊಬೈಲ್ ನೆಟ್‌ವರ್ಕ್‌ನಲ್ಲಿ ತಾನೇ ಡೇಟಾ ಕಳಿಸುತ್ತೆ, ಮತ್ಯಾಕೆ ಹೊತ್ತುಕೊಂಡು ಹೋಗಲಿ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಲ್ಲ ಚೆನ್ನಾಗಿದ್ದು ಮಾಮೂಲಿ ತಪಾಸಣೆಯಾದರೆ ಪ್ರತಿ ಸಲ ಹೊರಬೇಕಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಹಾಗೆ ಹೋಗುವುದು ಹೆಚ್ಚಾಗಿ ಸಾರಾಂಶ ಮಾತ್ರ, ಉಸಿರಿನ ಪೂರ್ತಿ ಗೆರೆಗಳು ಕಾರ್ಡ್‌ನಲ್ಲೇ ಉಳಿಯುತ್ತವೆ. ಕಪ್ಪಾದ ಫಿಲ್ಟರ್, ಸೀಳಿದ ಟ್ಯೂಬ್, ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ತೊಟ್ಟಿಯ ತಳದ ಬಿಳಿ ಪದರ, ಇವನ್ನು ಯಾವ ನೆಟ್‌ವರ್ಕೂ ಕಳಿಸುವುದಿಲ್ಲ. ಮೊದಲ ಕೆಲವು ಭೇಟಿಗಳಿಗೆ, ಮಾಸ್ಕ್ ಬದಲಿಸಿದಾಗ, ತೊಂದರೆ ಇದ್ದಾಗ ಎಲ್ಲವನ್ನೂ ಒಯ್ಯುವುದೇ ಸರಿ.

ಯಂತ್ರದ ತಳದಲ್ಲಿರುವ ಮಾಡೆಲ್ ಮತ್ತು ಸೀರಿಯಲ್ ನಂಬರ್‌ಗೂ ಬೆಲೆಯಿದೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಪಡೆಯಿತು. ಸದ್ದು ತಗ್ಗಿಸಲು ಒಳಗೆ ಹಾಕಿದ್ದ ಫೋಮ್ ಪುಡಿಯಾಗಿ ಉಸಿರಿನ ಗಾಳಿಗೆ ಸೇರಬಹುದು ಎಂಬುದು ಕಾರಣ. ಓಝೋನ್ ಬಿಟ್ಟು ಯಂತ್ರ ತೊಳೆಯುವ ಸಾಧನಗಳಿಂದ ಆ ಫೋಮ್ ಇನ್ನೂ ಬೇಗ ಹಾಳಾಗುತ್ತದೆ ಎಂದೂ ಆಗ ಹೇಳಿದರು. ಮಾಸ್ಕಿನ ವಿಷಯದಲ್ಲೂ ಇಂಥದ್ದೊಂದಿದೆ. ಪಟ್ಟಿ ಸಿಕ್ಕಿಸಲು ಕೆಲವು ಮಾಸ್ಕ್‌ಗಳಲ್ಲಿ ಆಯಸ್ಕಾಂತದ ಕ್ಲಿಪ್ ಇರುತ್ತದೆ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಲೋಹದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್ ಇಂಥವು ಇರುವವರಿಗೆ ಅದರಿಂದ ಅಪಾಯವಾಗಬಹುದು ಎಂದು 2022ರಲ್ಲಿ ಫಿಲಿಪ್ಸ್, 2023ರಲ್ಲಿ ರೆಸ್‌ಮೆಡ್ ಕಂಪನಿಗಳು ಎಚ್ಚರಿಸಿದವು. ಈ ಎಚ್ಚರಿಕೆ ಮಾಸ್ಕ್ ಹಾಕುವವರಿಗಷ್ಟೇ ಅಲ್ಲ, ಹತ್ತಿರ ಮಲಗುವವರಿಗೂ ಅನ್ವಯಿಸುತ್ತದೆ. ಹೃದಯದ ಡಾಕ್ಟರಿಗೆ ನೀವು ರಾತ್ರಿ ಯಾವ ಮಾಸ್ಕ್ ಹಾಕುತ್ತೀರಿ ಅಂತ ಹೇಗೆ ಗೊತ್ತಾಗಬೇಕು? ಅವರಿಗೂ ಒಮ್ಮೆ ತೋರಿಸಿಬಿಡಿ.

ಇಲ್ಲಿಯವರೆಗೆ ಹೇಳಿದ್ದನ್ನು ಬಿಟ್ಟರೂ ಪರವಾಗಿಲ್ಲ, ಆಪರೇಷನ್‌ಗೆ ಹೋಗುವಾಗ ಮಾತ್ರ ಯಂತ್ರವನ್ನು ಬಿಟ್ಟು ಹೋಗಬೇಡಿ. ಉಸಿರು ನಿಂತಾಗ ಮಿದುಳು ಒಂದು ಕ್ಷಣ ಎಚ್ಚರಗೊಂಡು ಕಾಪಾಡುತ್ತದೆ ಎಂದೆನಲ್ಲ, ಅರಿವಳಿಕೆ ಔಷಧಿ ಮತ್ತು ಮಾರ್ಫಿನ್ ಜಾತಿಯ ನೋವು ನಿವಾರಕಗಳು ಆ ಎಚ್ಚರವನ್ನೇ ಮಂಕು ಮಾಡುತ್ತವೆ. ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಆಪರೇಷನ್ ಆದ ಮೇಲೆ ಅಂಗಾತ ಮಲಗಬೇಕಾದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ. ಮೂರೂ ಒಟ್ಟಿಗೆ ಬರುವ ಹೊತ್ತು ಅದು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2006ರಲ್ಲಿ ಹೊರಡಿಸಿ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಮೊದಲಿನಿಂದ ಸಿಪ್ಯಾಪ್ ಬಳಸುವವರಿಗೆ ಆಪರೇಷನ್ ನಂತರವೂ ಅದನ್ನು ಕೊಡಬೇಕು, ಅವರು ತಮ್ಮದೇ ಯಂತ್ರ ತಂದರೆ ಬಳಕೆ ಸುಧಾರಿಸಬಹುದು ಎಂದು ಹೇಳಿದೆ. ಆಸ್ಪತ್ರೆಯಲ್ಲೂ ಯಂತ್ರ ಇರಬಹುದು. ಆದರೆ ನಿಮ್ಮ ಮೂಗಿಗೆ ಹೊಂದಿಕೊಂಡ ಮಾಸ್ಕ್ ಅಲ್ಲಿರುವುದಿಲ್ಲ. ಅರೆಮಂಪರಿನಲ್ಲಿ, ನೋವಿನಲ್ಲಿ ಅಪರಿಚಿತ ಮಾಸ್ಕ್ ಜೊತೆ ಗುದ್ದಾಡುವ ಶಕ್ತಿ ಯಾರಿಗಿರುತ್ತದೆ?

ದೊಡ್ಡ ಆಪರೇಷನ್‌ಗಷ್ಟೇ ಈ ಮಾತಲ್ಲ. ಮಂಪರು ಬರಿಸಿ ಮಾಡುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಹಲ್ಲಿನ ಚಿಕಿತ್ಸೆಗೂ ಸೇರುತ್ತದೆ. ಅರಿವಳಿಕೆ ಡಾಕ್ಟರಿಗೆ ಆ ದಿನ ಬೆಳಗ್ಗೆ ಹೇಳುವ ಬದಲು ಮುಂಚಿನ ತಪಾಸಣೆಯಲ್ಲೇ ಹೇಳಿ. ಹೊರಗಿನ ವಿದ್ಯುತ್ ಉಪಕರಣವನ್ನು ತಮ್ಮ ತಂತ್ರಜ್ಞರು ನೋಡಿದ ಮೇಲೆಯೇ ಪ್ಲಗ್‌ಗೆ ಹಾಕಲು ಬಿಡುವ ಆಸ್ಪತ್ರೆಗಳಿವೆ, ಅದಕ್ಕೂ ಸಮಯ ಬೇಕು. ಯಂತ್ರ, ಮಾಸ್ಕ್, ಟ್ಯೂಬ್, ಅಡಾಪ್ಟರ್ ಎಲ್ಲದರ ಮೇಲೂ ಹೆಸರು ಬರೆದಿರಲಿ. ವಾರ್ಡು ಬದಲಾಯಿಸುವ ಗಡಿಬಿಡಿಯಲ್ಲಿ ಮಾಸ್ಕ್ ಹೊದಿಕೆಯ ಜೊತೆ ಲಾಂಡ್ರಿಗೆ ಹೋಗಿಬಿಡಬಹುದು.

ಯಂತ್ರವನ್ನು ಚೀಲಕ್ಕೆ ಹಾಕುವ ಮುಂಚೆ ಹ್ಯುಮಿಡಿಫೈಯರ್ ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ ಒರೆಸಿ. ಮರೆತರೆ ದಾರಿಯಲ್ಲಿ ಯಂತ್ರ ವಾಲಿದಾಗ ನೀರು ಮೋಟಾರಿಗೆ ಹರಿದು ಯಂತ್ರವೇ ಕೆಡುತ್ತದೆ. ಗಡಿಯಾರ ಸರಿಯಿದೆಯಾ ನೋಡಿ, ತಪ್ಪಿದ್ದರೆ ಒಂದು ರಾತ್ರಿಯ ಲೆಕ್ಕ ಇನ್ನೊಂದು ದಿನಕ್ಕೆ ಸೇರಿಕೊಳ್ಳುತ್ತದೆ. ನಿಮ್ಮ ಯಂತ್ರದ ಕಾರ್ಡ್ ಓದುವ ವ್ಯವಸ್ಥೆ ಅವರಲ್ಲಿದೆಯಾ ಎಂದು ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಸೆಟ್ಟಿಂಗ್ ಬದಲಾಯಿಸಿದರೆ ಹೊಸ ಅಂಕಿಗಳನ್ನು ಬರೆಸಿಕೊಳ್ಳಿ. ಹೊರಡುವಾಗ ಕಾರ್ಡ್ ವಾಪಸ್ ಯಂತ್ರಕ್ಕೆ ಬಂದಿದೆಯಾ ಎಂದು ನೋಡಿಕೊಳ್ಳಿ. ಕಾರ್ಡ್ ಇಲ್ಲದಿದ್ದರೂ ಯಂತ್ರ ಗಾಳಿ ಕೊಡುತ್ತಲೇ ಇರುತ್ತದೆ, ಹಾಗಾಗಿ ಅದು ಡಾಕ್ಟರ ಕಂಪ್ಯೂಟರಿನಲ್ಲೇ ಉಳಿದದ್ದು ಮುಂದಿನ ಭೇಟಿಯವರೆಗೂ ಯಾರ ಗಮನಕ್ಕೂ ಬಾರದೆ ಹೋಗಬಹುದು.