ಮಣ್ಣಲ್ಲಿ ತಂತಿ, ಕೊರಳಲ್ಲಿ ಬೇಲಿ

ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಮನೆಯ ಮುಂದೆ ಬೇಲಿ ಹಾಕುವಂತಿಲ್ಲ. ನಿವಾಸಿಗಳ ಸಂಘದ ನಿಯಮ ಅಡ್ಡ ಬರುತ್ತದೆ. ಆದರೂ ಅಂಗಳದ ಹುಲ್ಲಿನ ಮೇಲೆ ಓಡಾಡುವ ನಾಯಿ ರಸ್ತೆಯಂಚಿನವರೆಗೆ ಬಂದು, ತಾನಾಗಿ ಹಿಂದಿರುಗುತ್ತದೆ. ಕಾರಣ, ನೆಲದೊಳಗೆ ಹೂತ ಒಂದು ತಂತಿ. ಈ ಉಪಾಯಕ್ಕೆ ರಿಚರ್ಡ್ ಪೆಕ್ ಎಂಬವರು 1973ರಲ್ಲಿ ಪೇಟೆಂಟ್ ಪಡೆದರು.

ಮಲೆನಾಡಿನ ತೋಟಗಳಲ್ಲಿ ಐಬೆಕ್ಸ್ ಬೇಲಿ, ಅಂದರೆ ಪ್ರಾಣಿಗಳನ್ನು ತಡೆಯಲು ವಿದ್ಯುತ್ತು ಹರಿಸಿದ ತಂತಿಬೇಲಿ, ಕಂಡವರಿಗೆ ಇಲ್ಲೂ ತಂತಿಯೇ ಶಾಕ್ ಹೊಡೆಯುತ್ತದೆ ಅನ್ನಿಸಬಹುದು. ಹಾಗಲ್ಲ. ಐಬೆಕ್ಸ್ ಬೇಲಿಯಲ್ಲಿ ವಿದ್ಯುತ್ತು ಮುಟ್ಟಿದ ಪ್ರಾಣಿಯ ಮೈ ಹಾದು ನೆಲಕ್ಕಿಳಿಯುತ್ತದೆ. ಈ ಹೂತ ತಂತಿಯಲ್ಲಿ ಹರಿಯುವುದು ತೀರ ಕಡಿಮೆ ವಿದ್ಯುತ್ತು, ಅದೂ ಪ್ಲಾಸ್ಟಿಕ್ ಹೊದಿಕೆಯೊಳಗೆ. ತಂತಿಯದು ಸುದ್ದಿ ಮುಟ್ಟಿಸುವ ಕೆಲಸ ಮಾತ್ರ. ಶಾಕ್ ಕೊಡುವ ಬ್ಯಾಟರಿ ಇರುವುದು ನಾಯಿಯ ಕೊರಳಪಟ್ಟಿಯಲ್ಲಿ.

ಗ್ಯಾರೇಜಿನ ಗೋಡೆಗೆ ಟ್ರಾನ್ಸ್‌ಮಿಟರ್, ಅಂದರೆ ಸಂಕೇತ ಕಳಿಸುವ ಪೆಟ್ಟಿಗೆ, ಹಾಕಿರುತ್ತಾರೆ. ಅಲ್ಲಿಂದ ಹೊರಟ ತಂತಿ ಕೆಲವೇ ಸೆಂಟಿಮೀಟರ್ ಆಳದಲ್ಲಿ ಅಂಗಳ ಸುತ್ತಿ ಮತ್ತೆ ಅಲ್ಲಿಗೇ ಬಂದು ಸೇರುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಹಲವು ಮಾದರಿಗಳಲ್ಲಿ ಸುಮಾರು 7ರಿಂದ 10 ಕಿಲೋಹರ್ಟ್ಸ್. ವಿದ್ಯುತ್ತು ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಇರುತ್ತದೆಂದು 1820ರಲ್ಲಿ ವಿಜ್ಞಾನಿ ಅರ್ಸ್ಟೆಡ್ ಕಂಡುಕೊಂಡರು. ಬದಲಾಗುವ ಕಾಂತಕ್ಷೇತ್ರ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿಸುತ್ತದೆಂದು 1831ರಲ್ಲಿ ಫ್ಯಾರಡೆ ತೋರಿಸಿದರು. ಇವೆರಡೂ ಸೇರಿದರೆ ಬೇಲಿ ಸಿದ್ಧ. ಈ ಕಾಂತಕ್ಷೇತ್ರವನ್ನು ಮಣ್ಣು ಹೆಚ್ಚುಕಡಿಮೆ ತಡೆಯುವುದೇ ಇಲ್ಲ. ನಾಯಿ ಹತ್ತಿರ ಬಂದಷ್ಟೂ ಪಟ್ಟಿಯೊಳಗಿನ ಸಣ್ಣ ಸುರುಳಿಯಲ್ಲಿ ವೋಲ್ಟೇಜ್ ಏರುತ್ತದೆ. ನಿಗದಿತ ಮಟ್ಟ ದಾಟಿದರೆ ಮೊದಲು ಬೀಪ್ ಸದ್ದು. ಅಲ್ಲಿಗೂ ನಿಲ್ಲದಿದ್ದರೆ ಚರ್ಮಕ್ಕೆ ತಾಗಿಕೊಂಡ ಎರಡು ಲೋಹದ ಮೊನೆಗಳಿಂದ ಶಾಕ್. ನಾಯಿ ಕತ್ತನ್ನು ಹೇಗೆ ಹೊರಳಿಸಿದರೂ ಸಂಕೇತ ತಪ್ಪಬಾರದೆಂದು ಅನೇಕ ಪಟ್ಟಿಗಳಲ್ಲಿ ಪರಸ್ಪರ ಲಂಬವಾಗಿ ಮೂರು ಸುರುಳಿ ಇಟ್ಟಿರುತ್ತಾರೆ.

ಇದರಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ತಿರುಚಿದ ತಂತಿ. ಗ್ಯಾರೇಜಿನಿಂದ ಗಡಿಯವರೆಗೆ ಹೋಗುವ, ಬರುವ ಎರಡು ಎಳೆಗಳು ಅಂಗಳದ ಮಧ್ಯೆಯೇ ಹಾಯಬೇಕಲ್ಲ? ಅಲ್ಲಿ ನಾಯಿಗೆ ತೊಂದರೆಯಾಗಬಾರದು. ಎರಡನ್ನೂ ಒಂದಕ್ಕೊಂದು ತಿರುಚಿಬಿಟ್ಟರೆ ಸಾಕು: ವಿದ್ಯುತ್ತು ವಿರುದ್ಧ ದಿಕ್ಕಿನಲ್ಲಿ ಹರಿಯುವುದರಿಂದ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸುತ್ತದೆ. ಇದೇ ಕಾರಣಕ್ಕೆ, ಗಡಿಯಲ್ಲಿ ತಂತಿ ಹೋದ ದಾರಿಯಲ್ಲೇ ಮರಳುವಂತಿದ್ದು, ಆ ಎರಡು ಎಳೆಗಳನ್ನು ತೀರ ಹತ್ತಿರ ಹೂತರೆ ಬೇಲಿ ಅಲ್ಲಿ ಸತ್ತಂತೆ. ಟೆಲಿಫೋನ್ ಅಥವಾ ಟಿವಿ ಕೇಬಲ್ಲಿನ ಪಕ್ಕದಲ್ಲೇ ತಂತಿ ಎಳೆದರೆ ಇನ್ನೊಂದು ಅಪಾಯ: ಸಂಕೇತ ಆ ಕೇಬಲ್ ಹಿಡಿದು ಮನೆಯೊಳಗೂ ಬರಬಹುದು. ಆಗ ಸುಮ್ಮನೆ ಮಲಗಿದ್ದ ನಾಯಿಗೂ ಶಾಕ್. ತಂತಿ ಹೂಳುವವರು ಇದನ್ನು ಪರೀಕ್ಷಿಸದೆ ಪಟ್ಟಿ ಕಟ್ಟಲೇಬಾರದು.

ನಾಯಿಗೆ ಕಲಿಸದಿದ್ದರೆ ಈ ತಂತ್ರವೆಲ್ಲ ವ್ಯರ್ಥ. ಗಡಿಯುದ್ದಕ್ಕೂ ಪುಟ್ಟ ಬಾವುಟ ನೆಟ್ಟು, ನಾಯಿಯನ್ನು ಹಗ್ಗದಲ್ಲಿ ಹಿಡಿದು, ಬೀಪ್ ಕೇಳಿದ ಕೂಡಲೇ ಹಿಂದೆ ತಿರುಗುವುದನ್ನು ದಿನಗಟ್ಟಲೆ ಅಭ್ಯಾಸ ಮಾಡಿಸಬೇಕು. ಕಲಿಯದ ನಾಯಿಗೆ ನೋವು ಎಲ್ಲಿಂದ ಬಂತು, ಯಾವ ಕಡೆ ಓಡಬೇಕು ಎಂಬುದೇ ತಿಳಿಯದು. ಕಲಿತ ನಾಯಿಯೂ ಜಿಂಕೆಯ ಬೆನ್ನಟ್ಟಿದ ಭರದಲ್ಲಿ ಗಡಿ ದಾಟಿಬಿಡಬಹುದು. ಮರಳಿ ಬರುವಾಗ ಅದೇ ಶಾಕ್ ಎದುರಾಗುವುದರಿಂದ ಹೊರಗೇ ಉಳಿಯುತ್ತದೆ. ಹೊರಗಿನ ನಾಯಿಗಳಿಗಂತೂ ಯಾವ ತಡೆಯೂ ಇಲ್ಲ. ವೇಲ್ಸ್‌ನಲ್ಲಿ 2010ರಿಂದ ನಾಯಿ, ಬೆಕ್ಕುಗಳಿಗೆ ಶಾಕ್ ಕೊಡುವ ಕೊರಳಪಟ್ಟಿ ಬಳಸುವುದನ್ನೇ ನಿಷೇಧಿಸಿದ್ದಾರೆ. ನನ್ನ ಮನಸ್ಸೂ ಆ ಕಡೆಗೇ ವಾಲುತ್ತದೆ. ಮರದ ಬೇಲಿಗೆ ಅವಕಾಶವಿರುವ ಕಡೆ ಈ ತಂತಿಯ ಅಗತ್ಯ ನನಗೆ ಕಾಣುವುದಿಲ್ಲ.