ಲೋಕಲ್ ರೈಲಿನ ಗಂಟು ಇರುವುದು ನಡು ಊರಿನಲ್ಲಿ

ಊರು ಬೆಳೆದಂತೆಲ್ಲ ಹಳಿಯನ್ನೂ ಹೊರಗೆ ಎಳೆಯುತ್ತಾ ಹೋದರಾಯ್ತು, ಉಪನಗರ ರೈಲು ಬೆಳೆದ ಹಾಗೇ ಅಲ್ವಾ? ನಕ್ಷೆ ನೋಡಿದರೆ ಹಾಗೇ ಅನಿಸುತ್ತದೆ. ಆದರೆ ಬೆಳಗಿನ ಹೊತ್ತು ಎಲ್ಲ ದಿಕ್ಕಿನ ರೈಲುಗಳೂ ಬಂದು ಸೇರುವುದು ನಡು ಊರಿಗೆ. ಅಲ್ಲಿ ಜಾಗ ಇಲ್ಲದಿದ್ದರೆ ಹೊರವಲಯದಲ್ಲಿ ಎಷ್ಟು ಹಳಿ ಹಾಕಿದರೂ ರೈಲುಗಳ ಸಂಖ್ಯೆ ಜಾಸ್ತಿ ಆಗುವುದಿಲ್ಲ.

ಕೊನೆಯ ನಿಲ್ದಾಣದಲ್ಲಿ ಒಂದು ರೈಲಿಗೆ ಏನೇನಾಗುತ್ತದೆ ನೋಡಿ. ಮುಂದೆ ಹಳಿ ಇಲ್ಲ, ಹಾಗಾಗಿ ನಿಧಾನಕ್ಕೇ ಒಳಗೆ ಬರಬೇಕು. ಜನ ಇಳಿಯಬೇಕು, ವಾಪಸ್ ಹೋಗುವವರು ಹತ್ತಬೇಕು. ಚಾಲಕ ಇನ್ನೊಂದು ತುದಿಗೆ ನಡೆಯಬೇಕು. 12 ಬೋಗಿಯ ರೈಲು ಅಂದರೆ ಸುಮಾರು 250 ಮೀಟರ್. ಗಂಟೆಗೆ 5 ಕಿ.ಮೀ. ನಡಿಗೆಯಲ್ಲಿ ಅಷ್ಟಕ್ಕೇ 3 ನಿಮಿಷ ಬೇಕು, ಅದೂ ತುಂಬಿದ ಪ್ಲಾಟ್‌ಫಾರಂನಲ್ಲಿ. ಈ ಸಮಯ ಉಳಿಸಲು ಎಷ್ಟೋ ಕಡೆ ಬೇರೊಬ್ಬ ಚಾಲಕರನ್ನು ಆ ತುದಿಯಲ್ಲಿ ಮೊದಲೇ ನಿಲ್ಲಿಸಿರುತ್ತಾರೆ. ಇಷ್ಟಾದ ಮೇಲೆ ಹೊರಡುವಾಗ ಇನ್ನೊಂದು ತೊಡಕು. ಬಹಳಷ್ಟು ಸಲ ರೈಲು ಒಳಬರುವ ಹಳಿಯನ್ನು ದಾಟಿಕೊಂಡೇ ಹೊರಹೋಗುವ ಹಳಿ ಸೇರಬೇಕು. ಅದು ದಾಟಿ ಮುಗಿಸುವವರೆಗೆ ಒಳಗೆ ಬರಬೇಕಾದ ರೈಲು ಸಿಗ್ನಲ್ ಮುಂದೆ ಕಾಯುತ್ತದೆ.

ಉಗಿ ಎಂಜಿನ್ ಕಾಲದಲ್ಲಿ ಇದರ ಜೊತೆಗೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಜೋಡಿಸುವ ಕೆಲಸವೂ ಇತ್ತು. 1925ರ ಫೆಬ್ರವರಿ 3ರಂದು ಮುಂಬೈಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಇಂಥ ಲೋಕಲ್ ರೈಲಿನ ಎರಡೂ ತುದಿಯಲ್ಲಿ ಚಾಲಕರ ಕ್ಯಾಬಿನ್ ಇರುತ್ತದೆ, ಮೋಟಾರುಗಳು ಬೋಗಿಗಳ ಕೆಳಗೇ ಇರುತ್ತವೆ. ಎಂಜಿನ್ ಬಿಚ್ಚುವ ಮಾತೇ ಇಲ್ಲ. ಅದೇ ದೊಡ್ಡ ಉಳಿತಾಯ.

ಇದಕ್ಕಿಂತ ದೊಡ್ಡ ಹೆಜ್ಜೆ ಅಂದರೆ ರೈಲನ್ನು ನಡು ಊರಿನಲ್ಲಿ ತಿರುಗಿಸದೇ ಇರುವುದು. ಜರ್ಮನಿಯ ಮ್ಯೂನಿಕ್‌ನಲ್ಲಿ ಪಶ್ಚಿಮದ ರೈಲುಗಳು ಮುಖ್ಯ ನಿಲ್ದಾಣಕ್ಕೆ ಬಂದು ನಿಲ್ಲುತ್ತಿದ್ದವು, ಪೂರ್ವದವು ಊರಿನ ಇನ್ನೊಂದು ಬದಿಯ ಪೂರ್ವ ನಿಲ್ದಾಣದಲ್ಲಿ. 1972ರ ಒಲಿಂಪಿಕ್ಸ್ ಹೊತ್ತಿಗೆ ಎರಡರ ನಡುವೆ ಸುರಂಗ ತೋಡಿ ಜೋಡಿಸಿದರು. ಪಶ್ಚಿಮದಿಂದ ಬಂದ ರೈಲು ಊರು ದಾಟಿ ಪೂರ್ವದ ಕಡೆಗೇ ಹೊರಟುಹೋಗುತ್ತದೆ. ತಿರುಗುವ ಕೆಲಸ ನಡೆಯುವುದು ಜಾಗ ಧಾರಾಳವಾಗಿರುವ ಹೊರಗಿನ ತುದಿಗಳಲ್ಲಿ. ಹೀಗಾಗಿ ಎರಡೇ ಹಳಿಯ ಆ ಸುರಂಗದಲ್ಲಿ ಒಂದೊಂದು ದಿಕ್ಕಿಗೆ ಗಂಟೆಗೆ 30 ರೈಲು ಓಡಿಸಬಹುದು. ಪ್ಯಾರಿಸ್ 1977ರಲ್ಲಿ, ಲಂಡನ್ 1988ರಲ್ಲಿ ಮತ್ತೆ 2022ರಲ್ಲಿ ಇದೇ ದಾರಿ ಹಿಡಿದವು.

ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಂದು. ಆ 120 ಸೆಕೆಂಡಿನಲ್ಲೇ ರೈಲು ವೇಗ ತಗ್ಗಿಸಬೇಕು, ಬಾಗಿಲು ತೆರೆದು ಮುಚ್ಚಬೇಕು, ಪ್ಲಾಟ್‌ಫಾರಂ ಖಾಲಿ ಮಾಡಬೇಕು. ಯಾರೋ ಒಬ್ಬರು ಬಾಗಿಲಿಗೆ ಕಾಲು ಅಡ್ಡ ಇಟ್ಟು 20 ಸೆಕೆಂಡ್ ತಡೆದರೂ ಹಿಂದಿನ ರೈಲು ಬ್ರೇಕ್ ಹಾಕುತ್ತದೆ, ಅದರ ಹಿಂದಿನದೂ ಹಾಕುತ್ತದೆ. ಅದಕ್ಕೇ ಮ್ಯೂನಿಕ್‌ನ ಮುಖ್ಯ ನಿಲ್ದಾಣದಲ್ಲಿ ಸುರಂಗದ ರೈಲಿಗೆ ಎರಡೂ ಬದಿ ಪ್ಲಾಟ್‌ಫಾರಂ ಇದೆ. ಇಳಿಯುವವರು ಒಂದು ಕಡೆ, ಹತ್ತುವವರು ಇನ್ನೊಂದು ಕಡೆ. ಬಾಗಿಲಲ್ಲಿ ಡಿಕ್ಕಿ ಹೊಡೆಯುವ ಪ್ರಶ್ನೆಯೇ ಇಲ್ಲ. ಎಷ್ಟು ಸರಳ ಉಪಾಯ! ಹೊಸ ನಿಲ್ದಾಣ ಕಟ್ಟುವವರು ಇದನ್ನು ಯಾಕೆ ಇನ್ನೂ ಜಾಸ್ತಿ ಬಳಸುವುದಿಲ್ಲವೋ ಅನಿಸುತ್ತದೆ.

ಎಲ್ಲ ಊರಿಗೂ ಈ ದಾರಿ ಒಗ್ಗುವುದಿಲ್ಲ. ಮುಂಬೈಯ ಮುಖ್ಯ ಲೋಕಲ್ ಮಾರ್ಗಗಳು ಮುಗಿಯುವುದು ದಕ್ಷಿಣದ ತುದಿಯಲ್ಲಿ, ಆಚೆ ಸಮುದ್ರ. ಅದು ಸ್ಲೋ, ಫಾಸ್ಟ್ ಲೋಕಲ್‌ಗಳಿಗೆ ಬೇರೆ ಬೇರೆ ಹಳಿ ಕೊಟ್ಟು, ರೈಲನ್ನೇ 9 ಬೋಗಿಯಿಂದ 12ಕ್ಕೆ, ಕೆಲವನ್ನು 15ಕ್ಕೆ ಉದ್ದ ಮಾಡಿ ಸಂಭಾಳಿಸುತ್ತಿದೆ.

ಸುರಂಗಕ್ಕೂ ಒಂದು ದೌರ್ಬಲ್ಯ ಇದೆ. ಎಲ್ಲ ಮಾರ್ಗಗಳನ್ನೂ ಒಂದೇ ಕಡೆ ಹಾಯಿಸಿದರೆ, ದೂರದ ಯಾವುದೋ ಕವಲಿನ ಗೇಟಿನಲ್ಲಿ ಆದ ತಡ ನಡು ಊರಿಗೆ ಬಂದು, ಅಲ್ಲಿಂದ ಉಳಿದ ಮಾರ್ಗಗಳಿಗೂ ಹರಡುತ್ತದೆ. ಸುರಂಗದಲ್ಲೇ ರೈಲು ಕೆಟ್ಟರೆ ಊರಿನ ಎರಡೂ ಬದಿ ಸೇವೆ ತತ್ತರಿಸುತ್ತದೆ. ಹಾಗಾಗಿ ವೇಳಾಪಟ್ಟಿಯಲ್ಲಿ ಕೆಲವು ಜಾಗ ಖಾಲಿ ಬಿಡಲೇಬೇಕು. ನೋಡುವವರಿಗೆ ಅದು ಸುಮ್ನೆ ಹಾಳುಮಾಡಿದ ಜಾಗದಂತೆ ಕಾಣಬಹುದು, ಆದರೆ ತಡವಾದ ರೈಲುಗಳು ಸಮಯಕ್ಕೆ ಮರಳುವುದು ಅದರಿಂದಲೇ. ಮ್ಯೂನಿಕ್ ಈಗ ಎರಡನೇ ಸುರಂಗ ತೋಡುತ್ತಿದೆ. ಕೆಲಸ ಶುರುವಾಗಿದ್ದು 2017ರಲ್ಲಿ. ಹಳೆಯ ಸುರಂಗಗಳ ಕೆಳಗೆ ಹಾಯಬೇಕಾದ್ದರಿಂದ ನಡು ಊರಿನ ಹೊಸ ನಿಲ್ದಾಣ ನೆಲದಿಂದ ಸುಮಾರು 40 ಮೀಟರ್ ಆಳದಲ್ಲಿ ಬರಲಿದೆ.